ಸಂಜೆಯ ಆ ಎರಡು ತಾಸು

ಹೈದರಾಬಾದಿನಲ್ಲಿ ಒಂದರಿಂದ ಐದನೇ ತರಗತಿಯವರೆಗೆ ಓದುತ್ತಿರುವ ಕನ್ನಡದ ಮಕ್ಕಳ ಅಪ್ಪ-ಅಮ್ಮಂದಿರಿಗೆ, ಅವರ ಮನೆಗಳಲ್ಲಿರುವ ಅಜ್ಜ-ಅಜ್ಜಿಯರಿಗೆ,



ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆಯುವ ಕನ್ನಡ ಪಾಠಕ್ಕೆ ಹನ್ನೊಂದು ಮಕ್ಕಳು ಬಂದಿದ್ದರು. ಅಕ್ಷರಕ್ಕೆ ಕೈ ಹಚ್ಚುವ ಮುಂಚೆ ‘ನಿನ್ನೆ ಸಂಜೆ ಏನು ಮಾಡಿದ್ರಿ?’ ಎಂದು ಕೇಳುವುದು ನನ್ನ ರೂಢಿ. ಎಂಟು ಮಕ್ಕಳು ಹಿಂದಿಯಲ್ಲಿ ಉತ್ತರ ಹೇಳಿದರು. ಆ ಮಕ್ಕಳ ಮನೆಯಲ್ಲಿ ಯಾರೂ ಹಿಂದಿ ಆಡುವುದಿಲ್ಲ. ಶಾಲೆಯಲ್ಲಿ ಪಾಠ ಇಂಗ್ಲಿಷಿನಲ್ಲಿ. 2018ರ ಕಾಯ್ದೆ ಬಂದ ಮೇಲೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ, ಅದನ್ನೂ ಕಲಿಯುತ್ತಾರೆ. ಹಾಗಾದರೆ ಈ ಹಿಂದಿ ಎಲ್ಲಿಂದ ಬಂತು? ಚಾರ್‌ಮಿನಾರಿನ ಸುತ್ತಿನ ಗಲ್ಲಿಗಳಿಂದ ಬಂದಿದ್ದರೆ ನನಗೆ ಗುರುತು ಸಿಗುತ್ತಿತ್ತು. ‘ನಕ್ಕೋ’, ‘ಹೌ’ ಎನ್ನುವ ದಖ್ಖನಿ ಮೂವತ್ತೈದು ವರ್ಷದಿಂದ ನನ್ನ ಕಿವಿಯಲ್ಲಿದೆ. ಇದು ಅದಲ್ಲ. ಕಾರ್ಟೂನಿನ ಹಿಂದಿ, ಯಾವ ಊರಿನದೂ ಅಲ್ಲದ ಹಿಂದಿ. ಎಂಟು ಮಕ್ಕಳ ನಿನ್ನೆಯ ಸಂಜೆ ಎಲ್ಲಿ ಕಳೆದಿತ್ತು ಎಂಬುದನ್ನು ಅವರ ಉತ್ತರಕ್ಕಿಂತ ಮುಂಚೆ ಅವರ ಭಾಷೆಯೇ ಹೇಳಿಬಿಟ್ಟಿತು.

ನಾನು ಕಲಬುರಗಿಯವಳು. ಮದುವೆಯಾಗಿ ಈ ಊರಿಗೆ ಬಂದು, ಇಪ್ಪತ್ತಾರು ವರ್ಷ ಪ್ರಾಥಮಿಕ ತರಗತಿಗಳಿಗೆ ಪಾಠ ಹೇಳಿ ನಿವೃತ್ತಳಾದೆ. ಮಕ್ಕಳ ಕೈಯಲ್ಲಿನ ಫೋನಿನ ಬಗ್ಗೆ ನೀವು ಬೇಕಾದಷ್ಟು ಉಪದೇಶ ಕೇಳಿದ್ದೀರಿ, ಕೇಳಿ ದಣಿದಿದ್ದೀರಿ ಎಂದೂ ಗೊತ್ತು. ಮಗು ದಿನಕ್ಕೆ ಎಷ್ಟು ತಾಸು ಫೋನ್ ನೋಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಕೇಳಬೇಕಿರುವುದು ಯಾವ ತಾಸು ಎಂದು.

ಒಂದು ದಿನದ ಲೆಕ್ಕ ಹಾಕಿ ನೋಡೋಣ. ಬೆಳಗ್ಗೆ ಏಳೂವರೆಗೆ ಶಾಲೆಯ ಬಸ್ಸು. ನಾಲ್ಕಕ್ಕೆ ವಾಪಸು. ಆಮೇಲೆ ಟ್ಯೂಷನ್ನೋ, ಕರಾಟೆಯೋ. ಗಚ್ಚಿಬೌಲಿ, ಹೈಟೆಕ್ ಸಿಟಿಯ ಕಡೆಯಿಂದ ನೀವು ಮನೆ ಮುಟ್ಟುವ ಹೊತ್ತಿಗೆ ಏಳು ದಾಟಿರುತ್ತದೆ. ಒಂಬತ್ತೂವರೆಗೆ ಮಗು ಮಲಗಬೇಕು. ಉಳಿದದ್ದು ಹೆಚ್ಚೆಂದರೆ ಎರಡು ತಾಸು. ಹುಬ್ಬಳ್ಳಿಯ ಮಗುವಿಗೆ ಕನ್ನಡ ಬಸ್ಸಿನ ಬೋರ್ಡಿನಲ್ಲಿ ಸಿಗುತ್ತದೆ, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಓಣಿಯ ಜಗಳದಲ್ಲಿ ಸಿಗುತ್ತದೆ. ನಮ್ಮ ಮಗುವಿಗೆ ಸಿಗುವುದು ಸಂಜೆಯ ಈ ಎರಡು ತಾಸಿನಲ್ಲಿ, ನಾಲ್ಕು ಗೋಡೆಯ ಒಳಗೆ, ನಿಮ್ಮ ಬಾಯಿಂದ. ಫೋನು ಕುಳಿತಿರುವುದೂ ಸರಿಯಾಗಿ ಆ ಎರಡು ತಾಸಿನ ಮೇಲೆಯೇ.

ಈ ಊರು ನಮಗೆ ಪರದೇಶವಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ರಾಜಧಾನಿ ಇದೇ ಹೈದರಾಬಾದ್. ಆ ಕಾಲದಲ್ಲಿ ಬಂದು ನೆಲೆಸಿದವರೂ ಅವರ ನಂತರದವರೂ ಕಾಚಿಗೂಡದಲ್ಲಿ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರದಂಥವನ್ನು ಕಟ್ಟಿ ನಡೆಸಿದರು. ಮಕ್ಕಳ ಬಾಯಲ್ಲಿ ಭಾಷೆ ಉಳಿಯಲು ಜಾಗ ಬೇಕು, ಹೊತ್ತು ಬೇಕು ಎಂದು ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಬಹಳ ಜನ ಈಗ ಕಾಚಿಗೂಡದಿಂದ ದೂರ, ಮಿಯಾಪುರ, ಕೊಂಡಾಪುರ, ಕೂಕಟ್‌ಪಲ್ಲಿಯ ಹದಿನಾರನೇ ಮಹಡಿಯಲ್ಲಿದ್ದೇವೆ. ಜಾಗ ಹೋಯಿತು. ಹೊತ್ತು ಮಾತ್ರ ಇನ್ನೂ ನಮ್ಮ ಕೈಯಲ್ಲಿದೆ.

‘ಟೀಚರ್, ನಾವು ಕನ್ನಡದ ಶಿಶುಗೀತೆಗಳನ್ನೇ ಹಾಕಿಕೊಡ್ತೀವಲ್ಲ’ ಎಂದು ನಿಮ್ಮಲ್ಲೊಬ್ಬರು ಹೇಳಿದ್ದು ನೆನಪಿದೆ. ನಿಮ್ಮ ಕಾಳಜಿ ನಿಜವಾದದ್ದು, ಹಾಗಾಗಿ ಅದಕ್ಕೆ ಸರಿಯಾಗಿ ಉತ್ತರ ಕೊಡಬೇಕು. ಅಮೆರಿಕದ ಸಿಯಾಟಲ್‌ನಲ್ಲಿ ಪ್ಯಾಟ್ರಿಷಿಯಾ ಕೂಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಕೆಲವು ಕೂಸುಗಳ ಎದುರು ಚೀನೀ ಮಾತಾಡುವವರು ಚಾಪೆಯ ಮೇಲೆ ಕುಳಿತು, ಪುಸ್ತಕ ಓದಿ, ಆಟದ ಸಾಮಾನು ತೋರಿಸಿ ಹನ್ನೆರಡು ಬಾರಿ ಮಾತಾಡಿದರು. ಇನ್ನು ಕೆಲವಕ್ಕೆ ಅದೇ ಜನರ ಅದೇ ಮಾತನ್ನು ವಿಡಿಯೊದಲ್ಲಿ ತೋರಿಸಿದರು. ಮನುಷ್ಯರ ಎದುರು ಕುಳಿತ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತವು. ವಿಡಿಯೊ ನೋಡಿದವು ಏನೂ ಕಲಿಯಲಿಲ್ಲ, ಚೀನೀ ಭಾಷೆಯನ್ನೇ ಕೇಳದ ಕೂಸುಗಳಂತೆಯೇ ಉಳಿದವು. ಮಾತು ಅದೇ, ಮುಖ ಅದೇ, ದನಿ ಅದೇ. ವಿಡಿಯೊದಲ್ಲಿ ಇಲ್ಲದ್ದು ಒಂದೇ: ಕೂಸು ನಕ್ಕಾಗ ತಿರುಗಿ ನಗುವ ಮನುಷ್ಯ.

ನಮ್ಮಂಥ ಮನೆಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಕೊಡುವ ಇನ್ನೊಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ರೀತಿಯಲ್ಲಿ ಕಲಿಸಿದರು: ಎದುರಿಗೆ ಕುಳಿತು, ವಿಡಿಯೊ ಕರೆಯಲ್ಲಿ, ಮೊದಲೇ ಚಿತ್ರಿಸಿಟ್ಟ ವಿಡಿಯೊದಲ್ಲಿ. ಎದುರಿಗೆ ಕುಳಿತಾಗ ಮಕ್ಕಳು ಕಲಿತರು. ವಿಡಿಯೊ ಕರೆಯಲ್ಲೂ ಕಲಿತರು. ಚಿತ್ರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಇವು ತೀರಾ ಚಿಕ್ಕ ಮಕ್ಕಳ ಮೇಲಿನ ಅಧ್ಯಯನಗಳು, ಎಂಟು ವರ್ಷದ ಮಗು ವಿಡಿಯೊದಿಂದ ಪದ ಕಲಿಯಬಲ್ಲದು, ಒಪ್ಪುತ್ತೇನೆ. ಆದರೆ ಪದ ಕಲಿತ ಮಾತ್ರಕ್ಕೆ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯಬೇಕಾದರೆ ಆಚೆ ಬದಿಯಲ್ಲಿ ಕೇಳುವವರು ಒಬ್ಬರು ಬೇಕು.

ಆದ್ದರಿಂದ ಪರದೆಯೆಲ್ಲ ವಿಷ ಎಂದು ನಾನು ಹೇಳುವುದಿಲ್ಲ. ಕಲಬುರಗಿಯಲ್ಲಿರುವ ಅಜ್ಜಿ ವಿಡಿಯೊ ಕರೆ ಮಾಡಿ ‘ಏನ್ ಮಾಡ್ಲತ್ತಿ ಬಂಗಾರಾ, ಊಟಾ ಆಯ್ತಾ, ಏನ್ ಉಂಡಿ?’ ಎಂದು ಕೇಳಿದಾಗ ಮಗು ಉತ್ತರ ಹೇಳಬೇಕು, ಅಜ್ಜಿಗೆ ತಿಳಿಯದಿದ್ದರೆ ಮತ್ತೆ ಹೇಳಬೇಕು, ಅಜ್ಜಿ ನಕ್ಕರೆ ಇನ್ನೊಂದು ಮಾತು ಸೇರಿಸಬೇಕು. ಅದೇ ಫೋನು, ಅದೇ ಗಾಜು, ಆದರೆ ಗಾಜಿನ ಆಚೆ ಒಬ್ಬರಿದ್ದಾರೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ರೂಪಿಸಿದ ಮಾರ್ಗಸೂಚಿಯೂ ಎರಡು ವರ್ಷದೊಳಗಿನ ಕೂಸುಗಳಿಗೆ ಪರದೆಯೇ ಬೇಡ ಎಂದು ಹೇಳಿ, ಬಂಧುಗಳೊಂದಿಗೆ ಅಪರೂಪಕ್ಕೊಮ್ಮೆ ಆಡುವ ವಿಡಿಯೊ ಕರೆಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಎರಡರಿಂದ ಐದು ವರ್ಷದವರಿಗೆ ಹೆಚ್ಚೆಂದರೆ ಒಂದು ತಾಸು, ಐದರಿಂದ ಹತ್ತರವರಿಗೆ ಎರಡು ತಾಸಿಗಿಂತ ಕಡಿಮೆ ಎಂಬುದು ಅದರ ಲೆಕ್ಕ. ಮಗುವಿಗೆ ಫೋನ್ ಕೊಡುವ ಮುನ್ನ ನಿಮ್ಮನ್ನೇ ಒಮ್ಮೆ ಕೇಳಿಕೊಳ್ಳಿ: ಆಚೆ ಬದಿ ಯಾರಾದರೂ ಇದ್ದಾರೆಯೇ? ಇದ್ದರೆ ಕೊಡಿ, ಗಡಿಯಾರ ನೋಡಬೇಡಿ. ವಾರಕ್ಕೆ ಮೂರು ಸಂಜೆ ಊರಿನ ಅಜ್ಜ-ಅಜ್ಜಿಗೆ ಹೊತ್ತು ಗೊತ್ತು ಮಾಡಿ. ಅವರು ಒಂದು ಕತೆ ಹೇಳಲಿ, ಮಗು ಅದನ್ನೇ ಮರುದಿನ ಅವರಿಗೆ ತಿರುಗಿ ಹೇಳಲಿ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಕನ್ನಡ ಪಾಠವನ್ನು ನಾನಂತೂ ಕಂಡಿಲ್ಲ.

ಈಗ ನನ್ನ ತಪ್ಪು ಹೇಳಬೇಕು. 2020ರ ಮಾರ್ಚಿನಲ್ಲಿ ತೆಲಂಗಾಣದ ಶಾಲೆಗಳು ಮುಚ್ಚಿದವು. ಪುಟ್ಟ ತರಗತಿಗಳ ಬಾಗಿಲು ಮತ್ತೆ ತೆರೆದದ್ದು 2021ರ ಸೆಪ್ಟೆಂಬರ್ 1ರಂದು. ಹದಿನೇಳು ತಿಂಗಳು! ಸರ್ಕಾರಿ ಶಾಲೆಯ ಮಕ್ಕಳಿಗೆ ಟಿ-ಸ್ಯಾಟ್, ದೂರದರ್ಶನ ಯಾದಗಿರಿ ವಾಹಿನಿಗಳಲ್ಲಿ ಪಾಠ ಬಂತು, ನಾವು ಖಾಸಗಿ ಶಾಲೆಯವರು ಫೋನಿಗೆ, ಲ್ಯಾಪ್‌ಟಾಪಿಗೆ ಇಳಿದೆವು. ಎರಡನೇ ತರಗತಿಯ ಮೂವತ್ನಾಲ್ಕು ಮಕ್ಕಳ ಮನೆಗೆ ನಾನೇ ಕರೆ ಮಾಡಿ ‘ಮಗುವಿಗೆ ಒಂದು ಫೋನ್ ಬೇರೆ ಇಟ್ಟುಬಿಡಿ’ ಎಂದು ಹೇಳಿದೆ. ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ 2020ರ ಜುಲೈನಲ್ಲಿ ಬಂದಾಗ ಎಂಟನೇ ತರಗತಿಯವರೆಗೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಅವಧಿ ಬೇಡ, ಒಂದೊಂದೂ 30ರಿಂದ 45 ನಿಮಿಷ ಸಾಕು ಎಂದಿತ್ತು. ನಮ್ಮ ಶಾಲೆ ನಾಲ್ಕು ಅವಧಿ ನಡೆಸಿತು. ನಾನು ಎದುರು ಮಾತಾಡಲಿಲ್ಲ. ಅದೇ ದಿನಗಳಲ್ಲಿ ಕರ್ನಾಟಕದಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಮೇಷ್ಟರುಗಳು ಗುಡಿಯ ಕಟ್ಟೆ, ಮರದ ನೆರಳು ಹುಡುಕಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸುತ್ತಿದ್ದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಆ ಭಯ ಸುಳ್ಳಾಗಿರಲಿಲ್ಲ. ಆದರೂ ಕಲಬುರಗಿಯಿಂದ ನನ್ನ ತಂಗಿ ಅದರ ಫೋಟೊ ಕಳಿಸಿದ್ದಳು, ಬೇವಿನ ಮರದ ಕೆಳಗೆ ಹದಿನೈದು ಮಕ್ಕಳು. ಬಹಳ ಹೊತ್ತು ನೋಡಿದೆ.

ಶಾಲೆ ತೆರೆದ ಮೊದಲ ದಿನ ಮೂರನೇ ತರಗತಿಯ ಹುಡುಗಿಯೊಬ್ಬಳು ಉತ್ತರ ಹೇಳಲು ಎದ್ದು ನಿಂತಳು. ಬಾಯಿ ತೆರೆಯುವ ಮುಂಚೆ ನನ್ನ ಮುಖ ನೋಡಿ ‘ಟೀಚರ್, ಆಡಿಬಲ್?’ ಎಂದು ಕೇಳಿದಳು. ನಾನು ಅವಳಿಂದ ನಾಲ್ಕಡಿ ದೂರದಲ್ಲಿದ್ದೆ. ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ತನ್ನ ದನಿ ಇನ್ನೊಬ್ಬರಿಗೆ ಮುಟ್ಟುತ್ತದೆ ಎಂಬ ನಂಬಿಕೆ ಎಂಟು ವರ್ಷದ ಮಗುವಿನಲ್ಲಿ ಇರಲಿಲ್ಲ. ಮಕ್ಕಳ ಸ್ವಾಸ್ಥ್ಯ ಎಂಬ ಮಾತು ಬಂದಾಗ ನನಗೆ ಕಣ್ಣು, ನಿದ್ದೆ, ತೂಕಕ್ಕಿಂತ ಮೊದಲು ನೆನಪಾಗುವುದು ಇದು.

ಹಾಗೆಂದು ಕಣ್ಣು-ನಿದ್ದೆ ಚಿಕ್ಕ ವಿಷಯಗಳೂ ಅಲ್ಲ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ತಾಸು ನಿದ್ದೆ ಬೇಕು. ಮಲಗುವ ಹೊತ್ತಿಗೆ ಕಣ್ಣೆದುರು ಬೆಳಕು ಹಿಡಿದರೆ ನಿದ್ದೆ ತರುವ ಮೆಲಟೋನಿನ್ ತಡವಾಗಿ ಏರುತ್ತದೆ, ಬೆಳಗ್ಗೆ ಬಸ್ಸು ಮಾತ್ರ ತಡವಾಗಿ ಬರುವುದಿಲ್ಲ. ಕಣ್ಣಿನ ಮಾತಿಗೆ ಬಂದರೆ, ಬಂಜಾರಾ ಹಿಲ್ಸ್‌ನಲ್ಲಿ ಡಾ. ಗುಳ್ಳಪಲ್ಲಿ ನಾಗೇಶ್ವರ ರಾವ್ 1987ರಲ್ಲಿ ಕಟ್ಟಿದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಸಮೀಪದೃಷ್ಟಿಯ ಮೇಲೆ ಇದೇ ಊರಿನಲ್ಲಿ ಸಂಶೋಧನೆ ನಡೆಸುತ್ತಿದೆ. ಈ ದೋಷದಲ್ಲಿ ಕಣ್ಣುಗುಡ್ಡೆ ಇರಬೇಕಾದ್ದಕ್ಕಿಂತ ಉದ್ದವಾಗಿ ಬೆಳೆಯುತ್ತದೆ, ಬೆಳೆದದ್ದು ಮತ್ತೆ ಕುಗ್ಗುವುದಿಲ್ಲ. ಹೊರಗಿನ ಬೆಳಕು ಆ ಬೆಳವಣಿಗೆಗೆ ತಡೆ ಹಾಕುತ್ತದೆ. ಮನೆಯೊಳಗೆ ಟ್ಯೂಬ್‌ಲೈಟಿನ ಕೆಳಗೆ ಕೆಲವು ನೂರು ಲಕ್ಸ್ ಬೆಳಕಿದ್ದರೆ, ಹಗಲಿನಲ್ಲಿ ಅಂಗಳಕ್ಕೆ ಕಾಲಿಟ್ಟರೆ ಹತ್ತು ಸಾವಿರ ದಾಟುತ್ತದೆ. ತೈವಾನ್ ದೇಶ 2010ರಿಂದ ಪ್ರಾಥಮಿಕ ಶಾಲೆಯ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಶುರುಮಾಡಿತು. ವರ್ಷವರ್ಷವೂ ಏರುತ್ತಲೇ ಇದ್ದ ದೃಷ್ಟಿದೋಷದ ಪ್ರಮಾಣ 2012ರಲ್ಲಿ ಶೇಕಡಾ 49.4 ಇದ್ದದ್ದು 2015ಕ್ಕೆ 46.1ಕ್ಕೆ ಇಳಿಯಿತು. ಔಷಧವಿಲ್ಲ, ಯಂತ್ರವಿಲ್ಲ, ಬರೀ ಹೊರಗೆ ಆಡಿಸಿದ್ದು. ಹೈದರಾಬಾದಿಗೆ ಬೇರೆ ಏನು ಕಡಿಮೆಯಾದರೂ ಬಿಸಿಲು ಕಡಿಮೆಯಿಲ್ಲ. ಸೆಲ್ಲರ್‌ನಲ್ಲಿ ಕಾರುಗಳ ನಡುವೆ ಸೈಕಲ್ ಹೊಡೆಯುವ ಮಕ್ಕಳನ್ನು ಐದು ಗಂಟೆಗೆ ಮೇಲಕ್ಕೆ, ಆಕಾಶದ ಕೆಳಗೆ ಕಳಿಸಿ ಎಂದು ಸೊಸೈಟಿಯ ಸಭೆಯಲ್ಲಿ ಕೇಳಲು ನಮಗೆ ಸಂಕೋಚ ಯಾಕೆ?

ಕಾನೂನಿನ ಮಾತು ಒಂದಿದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳದಂತೆ ಮಾಡಿದೆ. ನಮ್ಮಲ್ಲೂ ಅಂಥದ್ದು ಬರಲಿ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಬಂದರೂ ಏಳು ವರ್ಷದ ಮಗುವಿಗೆ ಅದರಿಂದ ಏನೂ ಆಗದು, ಯಾಕೆಂದರೆ ಅದಕ್ಕೆ ಖಾತೆಯೇ ಇಲ್ಲ. ಅದು ನೋಡುವುದು ಅಪ್ಪನ ಫೋನಿನಲ್ಲಿ, ಅಪ್ಪನ ಖಾತೆಯಲ್ಲಿ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಬೆನ್ನು ಹತ್ತಿ ಅವರ ನಡವಳಿಕೆ ಗಮನಿಸುವುದನ್ನೂ ಅವರನ್ನೇ ಗುರಿಮಾಡಿ ಜಾಹೀರಾತು ಹಾಕುವುದನ್ನೂ ತಡೆಯುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಆದರೆ ಫೋನಿನ ಒಳಗೆ ಕುಳಿತ ಲೆಕ್ಕಕ್ಕೆ ಗೊತ್ತಿರುವುದು ಮೂವತ್ತೆಂಟು ವರ್ಷದ ಒಬ್ಬ ಗಂಡಸು ಗೊಂಬೆಯ ವಿಡಿಯೊ ನೋಡುತ್ತಿದ್ದಾನೆ ಎಂದಷ್ಟೇ. ಕಾಯ್ದೆಯ ಕೊಡೆ ಮಗುವಿನ ತಲೆಯ ಮೇಲೆ ಬಿಚ್ಚಿಕೊಳ್ಳಬೇಕಾದರೆ ಮಗು ಮಗುವಾಗಿಯೇ ಒಳಗೆ ಹೋಗಬೇಕು. ಮಕ್ಕಳಿಗೆಂದೇ ಬೇರೆ ಪ್ರೊಫೈಲ್ ಮಾಡಿಕೊಡಿ. ಇದು ಹತ್ತು ನಿಮಿಷದ ಕೆಲಸ, ಈ ಪತ್ರ ಮುಗಿಸಿದ ಕೂಡಲೇ ಮಾಡಬಹುದು.

ಫೋನ್ ಕಸಿದುಕೊಂಡಾಗ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತದೆ, ಹಟಮಾರಿ ಎಂದು ಬೈಯುತ್ತೇವೆ. ಅದರ ಕಡೆಯಿಂದ ಒಮ್ಮೆ ನೋಡಿ. ಅಜ್ಜಿಯ ಕತೆಗೆ ಕೊನೆಯಿತ್ತು. ಚಂದಮಾಮದ ಪುಟಕ್ಕೆ ಕೊನೆಯಿತ್ತು. ನಾವು ಭಾನುವಾರ ನೋಡುತ್ತಿದ್ದ ಟಿವಿ ಕಾರ್ಯಕ್ರಮಕ್ಕೂ ಕೊನೆಯಿತ್ತು, ಮುಗಿದ ಮೇಲೆ ನಾವೇ ಎದ್ದು ಹೋಗುತ್ತಿದ್ದೆವು. ಈಗ ಒಂದು ವಿಡಿಯೊ ಮುಗಿಯುವ ಹೊತ್ತಿಗೆ ಇನ್ನೊಂದು ತಾನೇ ಶುರುವಾಗುತ್ತದೆ, ಬೆರಳು ಎಳೆದಷ್ಟೂ ಪುಟ ಕೆಳಗಿಳಿಯುತ್ತದೆ. 2006ರಲ್ಲಿ ಈ ಕೊನೆಯಿಲ್ಲದ ಪುಟವನ್ನು ರೂಪಿಸಿದ ಏಜಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಮುಗಿಯದೇ ಇರಲಿ ಎಂದೇ ಮಾಡಿದ್ದನ್ನು ಮುಗಿಸಲು ದೊಡ್ಡವರಿಗೇ ಆಗುತ್ತಿಲ್ಲ, ಆರು ವರ್ಷದ್ದಕ್ಕೆ ಹೇಗಾದೀತು? ನಾನು ಕಂಡುಕೊಂಡ ಉಪಾಯ ಇಷ್ಟು: ನೋಡುವ ಮುಂಚೆಯೇ ಏನು ನೋಡುವುದು ಎಂದು ಮಗುವೇ ಹೇಳಲಿ, ತಾನಾಗಿ ಮುಂದಿನದಕ್ಕೆ ಹೋಗುವ ಗುಂಡಿಯನ್ನು ನೀವು ಆರಿಸಿಡಿ, ಮುಗಿದಾಗ ಫೋನ್ ಆರಿಸುವ ಕೆಲಸ ಮಗುವಿನದೇ ಆಗಿರಲಿ. ಆರಿಸಿದ ಮಗುವಿಗೆ ಇನ್ನೊಂದು ಕೆಲಸ ಕೂಡಲೇ ಸಿಗಬೇಕು, ಮೆಂತ್ಯ ಸೊಪ್ಪು ಬಿಡಿಸುವುದಾದರೂ ಸರಿ. ಮೊದಲ ವಾರ ಅಳು ಇರುತ್ತದೆ. ಎರಡನೆಯ ವಾರ ಕಡಿಮೆ.

ಶಾಲೆಗಳ ವಿಷಯದಲ್ಲಿ ಮಾತ್ರ ನೀವು ಒಬ್ಬೊಬ್ಬರೇ ಹೋಗಿ ಪ್ರಯೋಜನವಿಲ್ಲ. 2020ರಲ್ಲಿ ಹೋಮ್‌ವರ್ಕ್ ಫೋನಿಗೆ ಹೋಯಿತು, ಶಾಲೆ ತೆರೆದ ಮೇಲೂ ವಾಪಸು ಬರಲಿಲ್ಲ. ಕೈಬರಹದ ಡೈರಿ ಸತ್ತಿತು. ನಾನು ನಿವೃತ್ತಳಾಗುವ ಹೊತ್ತಿಗೆ ರಾತ್ರಿ ಎಂಟೂವರೆಗೆ ತರಗತಿಯ ಗುಂಪಿನಲ್ಲಿ ಮರುದಿನದ ಪ್ರಾಜೆಕ್ಟ್ ಬೀಳುತ್ತಿತ್ತು. ಅಮ್ಮ ಫೋನ್ ತೆಗೆಯುತ್ತಾಳೆ, ಮಗು ಪಕ್ಕದಲ್ಲಿ ಬಂದು ಕೂರುತ್ತದೆ, ಹೋಮ್‌ವರ್ಕಿನ ಮೇಲೆ ನಾಲ್ಕು ಬೇರೆ ಸಂದೇಶ ಬಂದು ಕೂರುತ್ತವೆ. ಒಮ್ಮೆ ಕದಡಿದ ಗಮನ ಓದಿಗೆ ತಿರುಗಿ ಬರಲು 20 ನಿಮಿಷದವರೆಗೆ ಬೇಕಾಗಬಹುದು ಎಂದು ಯುನೆಸ್ಕೊದ 2023ರ ಶಿಕ್ಷಣ ವರದಿ ಹೇಳಿತು. ಎಂಟೂವರೆಗೆ ಶುರುವಾದ ಹೋಮ್‌ವರ್ಕಿನಲ್ಲಿ ಎರಡು ಸಲ ಗಮನ ಕದಡಿದರೆ ಮಲಗುವ ಹೊತ್ತು ಬಂತು. ಫ್ರಾನ್ಸ್ 2018ರಲ್ಲೇ ಕಿರಿಯ ಮಕ್ಕಳ ಶಾಲೆಗಳಿಂದ ಫೋನನ್ನು ಹೊರಗಿಟ್ಟಿತು. ನಮ್ಮ ಶಾಲೆಗಳೂ ಮಗು ಫೋನ್ ತಂದರೆ ದಂಡ ಹಾಕುತ್ತವೆ, ಸಂಜೆ ಅದೇ ಮಗುವನ್ನು ಫೋನಿನ ಮುಂದೆ ಕೂರಿಸುತ್ತವೆ. ಮುಂದಿನ ಪಿಟಿಎಂಗೆ ಒಂದೇ ತರಗತಿಯ ಹತ್ತು ಮನೆಯವರು ಒಟ್ಟಿಗೆ ಹೋಗಿ ಎರಡೇ ಮಾತು ಕೇಳಿ: ಐದನೇ ತರಗತಿಯವರೆಗೆ ಹೋಮ್‌ವರ್ಕ್ ಕಾಗದದ ಡೈರಿಯಲ್ಲಿ ಬರಲಿ. ಸಂಜೆ ಆರರ ನಂತರ ಗುಂಪಿಗೆ ಏನೂ ಹಾಕಬೇಡಿ. ಮಾಸ್ತರರ ಮೇಲೆ ಸಿಟ್ಟು ಬೇಡ. ರಾತ್ರಿ ಗುಂಪಿಗೆ ಉತ್ತರ ಬರೆದು ಬರೆದು ಅವರೂ ಸೋತಿದ್ದಾರೆ, ನಿಮ್ಮ ಬೇಡಿಕೆ ಅವರಿಗೂ ಬಿಡುಗಡೆ.

ಇನ್ನೊಂದು ಮಾತನ್ನು ಬಹಳ ಕಷ್ಟದಿಂದ ಬರೆಯುತ್ತಿದ್ದೇನೆ. ನಾಲ್ಕನೇ ತರಗತಿಯ ಮಗುವೊಂದಕ್ಕೆ ಆಟದ ಆ್ಯಪ್ ಒಂದರಲ್ಲಿ ಯಾರೋ ಅಪರಿಚಿತರು ಕೆಟ್ಟದಾಗಿ ಬರೆದಿದ್ದರು. ಮಗು ಮೂರು ವಾರ ಮನೆಯಲ್ಲಿ ಹೇಳಲಿಲ್ಲ. ಊಟ ಬಿಟ್ಟಿತು, ರಾತ್ರಿ ಹಾಸಿಗೆ ಒದ್ದೆ ಮಾಡಲು ಶುರುಮಾಡಿತು. ಕೊನೆಗೆ ನನ್ನ ಹತ್ತಿರ ಬಂದು ಹೇಳಿದಾಗ ಅದರ ಮೊದಲ ಮಾತು: ‘ಅಮ್ಮಂಗೆ ಹೇಳಬ್ಯಾಡ್ರಿ, ಫೋನ್ ಕಸಗೋತಾಳ.’ ಆ ಅಮ್ಮ ಒಳ್ಳೆಯವಳು. ಆದರೆ ಆ ಮನೆಯಲ್ಲಿ ಫೋನ್ ಕಸಿದುಕೊಳ್ಳುವುದು ಎಲ್ಲ ತಪ್ಪಿಗೂ ಒಂದೇ ಶಿಕ್ಷೆಯಾಗಿತ್ತು. ಮಾರ್ಕು ಕಡಿಮೆಯಾದರೂ ಅದೇ, ಹಾಲು ಚೆಲ್ಲಿದರೂ ಅದೇ. ದಯವಿಟ್ಟು ಫೋನನ್ನು ಬಹುಮಾನವೂ ಮಾಡಬೇಡಿ, ಶಿಕ್ಷೆಯೂ ಮಾಡಬೇಡಿ. ‘ಏನೇ ನೋಡಿದರೂ, ಯಾರು ಏನೇ ಕೇಳಿದರೂ ನನಗೆ ಬಂದು ಹೇಳು, ನಿನಗೆ ಬೈಯುವುದಿಲ್ಲ, ಫೋನೂ ಕಸಿಯುವುದಿಲ್ಲ’ ಎಂದು ಇವತ್ತೇ ಹೇಳಿ, ಹೇಳಿದ ಮಾತು ಉಳಿಸಿಕೊಳ್ಳಿ. ಮನೆಯ ವಿಳಾಸ, ಶಾಲೆಯ ಹೆಸರು, ಫೋಟೊ, ಒಟಿಪಿ ಇವನ್ನು ಯಾರಿಗೂ ಕೊಡಬಾರದು ಎಂದು ರಸ್ತೆ ದಾಟಲು ಕಲಿಸಿದಂತೆಯೇ, ಕೈ ಹಿಡಿದು, ಮತ್ತೆ ಮತ್ತೆ ಕಲಿಸಿ. ಮಗುವಿನ ಫೋಟೊವನ್ನು ನೀವು ಎಲ್ಲರಿಗೂ ಕಾಣುವಂತೆ ಹಾಕುವ ಮುಂಚೆ ಅದನ್ನೇ ಕೇಳಿ, ಬೇಡವೆಂದರೆ ಬಿಡಿ. ತನ್ನ ಮುಖ ತನ್ನದು ಎಂದು ಅದಕ್ಕೆ ತಿಳಿಯುವುದು ಹಾಗೆ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿ ಬಳಕೆಗೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಿಂದ ಇದೆ. ಅಲ್ಲಿಗೆ ಹೋಗುವುದು ಕಣ್ಣಿನ ಡಾಕ್ಟರ ಹತ್ತಿರ ಹೋದಷ್ಟೇ ಸಹಜ, ನಾಚಿಕೆಯದೇನಿಲ್ಲ.

ಆ ಎರಡು ತಾಸನ್ನು ಮರಳಿ ಪಡೆದವರು ಇದ್ದಾರೆಯೇ? ಇದ್ದಾರೆ, ನಮ್ಮ ಗಡಿಯಲ್ಲೇ ಇದ್ದಾರೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರ ಆಗಸ್ಟ್ 15ರಿಂದ ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಕೂಗುತ್ತದೆ. ಎಂಟೂವರೆಗೆ ಮತ್ತೊಮ್ಮೆ ಕೂಗುವವರೆಗೆ ಟಿವಿ, ಮೊಬೈಲ್ ಎಲ್ಲ ಬಂದ್. 2024ರ ಕೊನೆಯಲ್ಲಿ ಬೆಳಗಾವಿ ತಾಲೂಕಿನ ಹಲಗಾ ಗ್ರಾಮವೂ ಏಳರಿಂದ ಒಂಬತ್ತರವರೆಗೆ ಹಾಗೇ ಮಾಡಿತು. ನನಗೆ ಹಿಡಿಸಿದ್ದು ಸೈರನ್ನಲ್ಲ, ಅದು ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಕೂಗುತ್ತದೆ ಎಂಬುದು.

ನಮ್ಮ ಬ್ಲಾಕಿನ ಐದು ಮನೆಯವರು ದಸರೆಯಿಂದ ಇದನ್ನು ಮಾಡಿ ನೋಡುತ್ತಿದ್ದೇವೆ. ಏಳೂವರೆಗೆ ಫೋನುಗಳೆಲ್ಲ ದೇವರ ಮನೆಯ ಪಕ್ಕದ ಬುಟ್ಟಿಗೆ. ಎರಡು ಮನೆಯವರು ಮಧ್ಯದಲ್ಲೇ ಬಿಡಬೇಕಾಯಿತು. ಅಮೆರಿಕದ ಕೆಲಸ, ಎಂಟು ಗಂಟೆಗೇ ಕರೆ. ಅವರನ್ನು ದೂರುವುದಿಲ್ಲ, ಮನೆ ನಡೆಯುವುದು ಆ ಕೆಲಸದಿಂದಲೇ. ಅದರಲ್ಲೊಂದು ಮನೆಯವರು ಸಂಜೆಯ ಬದಲು ಬೆಳಗ್ಗೆ ಆರೂವರೆಯಿಂದ ಏಳೂಕಾಲನ್ನು ಹಿಡಿದುಕೊಂಡರು. ಅಪ್ಪ ಮಗಳಿಗೆ ಜಡೆ ಹಾಕುತ್ತಾ ಕತೆ ಹೇಳುತ್ತಾರಂತೆ. ಆ ಹುಡುಗಿಯೇ ಭಾನುವಾರ ನನ್ನ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳಿದ ಮೂವರಲ್ಲಿ ಒಬ್ಬಳು.

ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಇದೇ ಊರಿನಲ್ಲಿ ತಗಡಿನ ಗುಡಿಸಲುಗಳಲ್ಲಿ ಇದ್ದಾರೆ. ಅವರೂ ಕನ್ನಡದ ಅಪ್ಪ-ಅಮ್ಮಂದಿರೇ. ಇಬ್ಬರೂ ಇಟ್ಟಿಗೆ ಹೊರುವಾಗ ಚಿಕ್ಕದನ್ನು ಒಂದು ಕಡೆ ಕೂರಿಸಿಡಲು ಫೋನಲ್ಲದೆ ಇನ್ನೇನೂ ಇಲ್ಲ. ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ, ಕೇಳುವುದೆಲ್ಲ ನಿಮ್ಮನ್ನೇ. ನಿಮ್ಮ ಎದುರಿನ ಸೈಟಿನಲ್ಲಿ ಅಂಥ ಮಕ್ಕಳಿದ್ದರೆ ಭಾನುವಾರ ಕರೆದುಕೊಂಡು ಬನ್ನಿ. ಗೇಟಿನಲ್ಲಿ ವಾಚ್‌ಮನ್ ತಡೆದರೆ ನನಗೆ ಫೋನ್ ಮಾಡಿ, ನಾನು ಕೆಳಗೆ ಬರುತ್ತೇನೆ. ನಮ್ಮ ಮಕ್ಕಳಿಗಿಂತ ಚೆಂದದ ಕನ್ನಡ ಅವರ ಬಾಯಲ್ಲಿದೆ.

ಈ ಪತ್ರವನ್ನು ಈಗಲೇ ಬರೆಯಲು ಕಾರಣವಿದೆ. ಮಾರ್ಚ್ ನಡುವಿನಿಂದ ಒಂಟಿಪೂಟ ಬಡಿ, ಅಂದರೆ ಅರ್ಧ ದಿನದ ಶಾಲೆ, ಶುರುವಾಗುತ್ತದೆ. ಹನ್ನೆರಡೂವರೆಗೆ ಶಾಲೆ ಬಿಟ್ಟು ಮಕ್ಕಳು ಮನೆಗೆ ಬರುತ್ತಾರೆ. ಹೊರಗೆ ಕಾಲಿಡಲಾಗದ ಬಿಸಿಲು, ನೀವು ಆಫೀಸಿನಲ್ಲಿ, ಮನೆಯಲ್ಲಿ ಅಜ್ಜಿ ಒಬ್ಬರೇ ಅಥವಾ ಕೆಲಸದವರು. ವರ್ಷದಲ್ಲಿ ಮಕ್ಕಳು ಅತಿ ಹೆಚ್ಚು ಫೋನ್ ನೋಡುವ ದಿನಗಳು ಅವೇ. ಆ ಮಧ್ಯಾಹ್ನಗಳಿಗೆ ನಮ್ಮ ಕ್ಲಬ್‌ಹೌಸಿನ ನೆಲದ ಮೇಲೆ ಸುಣ್ಣದಲ್ಲಿ ಚೌಕಾಬಾರದ ನಾಲ್ಕು ಪಟ ಬರೆಸುತ್ತಿದ್ದೇನೆ, ಒಂದೊಂದಕ್ಕೂ ಐದು ಸಾಲು, ಐದು ಕಂಬ. ತೆಲುಗಿನ ನೆರೆಯವರು ಇದನ್ನೇ ಅಷ್ಟಾಚಮ್ಮ ಎನ್ನುತ್ತಾರೆ, ಅವರ ಮಕ್ಕಳೂ ಬರಲಿ. ನಾಲ್ಕು ಜನ ಸುತ್ತ ಕುಳಿತರೆ ಜಗಳವಾಡಲೇಬೇಕು, ಜಗಳಕ್ಕೆ ಭಾಷೆ ಬೇಕು. ಅಜ್ಜ-ಅಜ್ಜಿಯರು ಇಬ್ಬರು ಸರದಿಯಂತೆ ಕೂತರೆ ಸಾಕು, ಒಂದರಿಂದ ನಾಲ್ಕರವರೆಗೆ.

ಕವಡೆ ಸಾಲದು. ನಿಮ್ಮ ಮನೆಯಲ್ಲಿ, ಅಮ್ಮನ ಪೆಟ್ಟಿಗೆಯಲ್ಲಿ, ಊರಿನಲ್ಲಿ ಇದ್ದರೆ ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ತನ್ನಿ. ಸಿಗದಿದ್ದರೆ ಹುಣಸೆಬೀಜ ತನ್ನಿ, ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡುವುದನ್ನು ಮಕ್ಕಳಿಗೆ ನಾನು ಕಲಿಸುತ್ತೇನೆ.

ಇತಿ,
ನಿಮ್ಮ ಭಾನುವಾರದ ಕನ್ನಡ ಟೀಚರ್
ಹೈದರಾಬಾದ್